ಕಿರುಬೆರಳಿನ ಕಪ್ಪು

ಬಿಳಿ ಯೂನಿಫಾರ್ಮ್ ಹಾಕಿಕೊಂಡು ನಾನು ಮೊದಲ ಸಲ ವಾರ್ಡಿಗೆ ಕಾಲಿಟ್ಟ ದಿನ, ಅದೇ ವಾರ್ಡಿನ ನೆಲವನ್ನು ನನ್ನ ಅವ್ವ ಒರೆಸುತ್ತಿದ್ದಳು. ಶಿವಾಜಿನಗರದ ಕಡೆಯ ಒಂದು ದೊಡ್ಡ ಆಸ್ಪತ್ರೆ, ಹೆಂಗಸರ ಸರ್ಜರಿ ವಾರ್ಡು. ನರ್ಸಿಂಗ್ ಸ್ಕೂಲಿನ ನಾವೆಲ್ಲ ಬಾಗಿಲಲ್ಲೇ ಗುಂಪುಗಟ್ಟಿ ನಿಂತಿದ್ದೆವು. ಒಳಗೆ ಹೋಗಲು ಹೆದರಿಕೆ, ಹೊರಗೆ ನಿಲ್ಲಲು ನಾಚಿಕೆ. ಅವ್ವ ಮಾಪು ಎಳೆಯುತ್ತ ನಮ್ಮ ಕಡೆಗೇ ಬಂದಳು. ನನ್ನ ಹೊಸ ಬಿಳಿ ಶೂಗಳ ಹತ್ತಿರ ಮಾಪು ನಿಂತಿತು.

"ಸಿಸ್ಟರ್, ಜರಾ ಕಾಲು ಸರಸ್ರಿ," ಅಂದಳು.

ನಾನು ಸರಿಸಿದೆ. ಅವಳು ಒರೆಸಿಕೊಂಡು ಮುಂದೆ ಹೋದಳು. ತಲೆ ಎತ್ತಲೇ ಇಲ್ಲ.

ನನ್ನ ಪಕ್ಕದಲ್ಲಿ ನಿಂತಿದ್ದವಳು ಹಾಸ್ಟೆಲಿನಲ್ಲಿ ನನ್ನ ರೂಮಿನವಳು, ಫ್ರೇಜರ್ ಟೌನಿನ ಹುಡುಗಿ, ಮನೆಯಲ್ಲಿ ದಖನಿ ಉರ್ದು ಮಾತಾಡುವವಳು. ಅವಳಿಗೆ ನಮ್ಮವ್ವನ ಪರಿಚಯವಿತ್ತು. ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು. "ಏನ್ ಗುರು, ನಿಮ್ಮಮ್ಮ ನಿನ್ ಮುಖಾನೇ ನೋಡ್ಲಿಲ್ಲ? ಜಗಳ ಗಿಗಳ ಆಡ್ಕೊಂಡಿದೀರಾ?"

ಜಗಳವೇನೂ ಇರಲಿಲ್ಲ. ಅವ್ವ ಕಸ ಹೊಡೆಯುವವಳು, ಮಗಳು ಸಿಸ್ಟರ್, ನಂಟು ತೋರಿಸಿಕೊಳ್ಳಲು ಅವಳಿಗೆ ಸಂಕೋಚವಾಯಿತು ಎಂದು ಓದುವವರು ಅಂದುಕೊಳ್ಳಬಹುದು. ಅದೂ ಅಲ್ಲ. ನಾನಂತೂ ಇಡೀ ವಾರ್ಡಿಗೆ ಕೇಳುವ ಹಾಗೆ 'ಅವ್ವಾ' ಎಂದು ಕೂಗಲು ತಯಾರಿದ್ದೆ. ಅವಳು ನೋಡದಿದ್ದ ಕಾರಣ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದರೂ ಅವಳು ಒಂದು ಸಲ ತಲೆ ಎತ್ತಲಿ ಎಂದು ಕಾದೆ. ಬೆಳಗ್ಗೆ ಕನ್ನಡಿಯ ಮುಂದೆ ಟೋಪಿಯನ್ನು ಮೂರು ಸಲ ತೆಗೆದು ಮೂರು ಸಲ ಪಿನ್ನು ಹಾಕಿದ್ದು ಟ್ಯೂಟರ್ ಮ್ಯಾಡಮ್ ನೋಡಲಿ ಎಂದು ಅಲ್ಲವಲ್ಲ.

ನನಗಿಂತ ಮೊದಲು ಅವ್ವನಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ನಾನು ನೋಡದ ಅಕ್ಕ. ಯಾದಗಿರಿ ಕಡೆಯ ನಮ್ಮೂರಲ್ಲಿ, ಬೇಸಗೆಯಲ್ಲಿ ಯಾರದೋ ಮದುವೆಗೆ ಹೊರಟಾಗ ಅವ್ವ ಅದಕ್ಕೆ ಹಳದಿ ಅಂಗಿ ತೊಡಿಸಿ, ಎತ್ತಿ ಹಿಡಿದು ನೋಡಿದಳಂತೆ. "ಎಷ್ಟು ಚಂದ ಕಾಣ್ತಿ ನನ್ನವ್ವಾ," ಅಂದಳಂತೆ. ಕೆನ್ನೆಗೆ ಇಟ್ಟಿದ್ದ ಕಾಡಿಗೆ ಬೊಟ್ಟು ಬೆವರಿಗೆ ಆಗಲೇ ಅಳಿಸಿಹೋಗಿತ್ತು, ಅವಳದನ್ನು ಗಮನಿಸಿರಲಿಲ್ಲ. ಮದುವೆಯಿಂದ ಬಂದ ಮೇಲೆ ಕೂಸಿಗೆ ವಾಂತಿ, ಭೇದಿ. ಎರಡು ದಿನದಲ್ಲಿ ಮುಗಿದುಹೋಯಿತು.

ನಮ್ಮ ಕಡೆ ದೃಷ್ಟಿಗೆ ನೆದರು ಅನ್ನುತ್ತಾರೆ. ಊರವರ ನೆದರು ತಾಗಿದರೆ ಉಪ್ಪು ಮೆಣಸಿನಕಾಯಿ ಇಳಿಸಿ ತೆಗೆಯಬಹುದು. ಹೆತ್ತವಳ ನೆದರು ತಾಗಿದರೆ ಅದಕ್ಕೆ ತೆಗೆಯುವ ದಾರಿಯಿಲ್ಲ. ಅವ್ವನಿಗೆ ಈ ಮಾತನ್ನು ಯಾರೋ ಕೂಸಿನ ಮಣ್ಣಿಗೆ ಬಂದವರೇ ಹೇಳಿದರಂತೆ. ಅಂಥ ಹೊತ್ತಿನಲ್ಲೂ ಬಾಯಿ ಸುಮ್ಮನಿರದವರು ಎಲ್ಲ ಊರಲ್ಲೂ ಇರುತ್ತಾರೆ.

ಅವ್ವ ಆ ಕತೆಯನ್ನು ಹೇಳುವಾಗ ಪ್ರತಿಸಲವೂ ತಾನು ಮಾಡಿದ ಆರೈಕೆಯ ವಿವರವನ್ನೂ ಹೇಳುತ್ತಿದ್ದಳು. "ಹಿರೇರು ಏನೇನ್ ಹೇಳ್ಯಾರ ಎಲ್ಲಾ ಮಾಡೀನಿ. ಭೇದಿ ಹೆಚ್ಚಾಗ್ತದಂತ ಒಂದು ಹನಿ ನೀರು ಸೈತ ಕುಡಿಸ್ಲಿಲ್ಲ. ನೀರಿನ ತಂಬಿಗಿ ಕಂಡ್ರ ಕೈ ಚಾಚ್ತಿತ್ತು, ನಾ ಮನಸು ಗಟ್ಟಿ ಮಾಡೀನಿ. ಎಂಥಾ ಗಟ್ಟಿ ಕೂಸಂತಿ, ಅಳ್ತಿತ್ತು, ಕಣ್ಣಾಗ ಒಂದು ಹನಿ ನೀರು ಬರ್ಲಿಲ್ಲ. ಕಡೀಕ ನೆತ್ತಿ ಕುಳಿ ಬಿತ್ತು. ಇಷ್ಟೆಲ್ಲಾ ಮಾಡಿದ್ರೂ ಹೋಯ್ತಂದ್ರ, ನನ್ನ ಕಣ್ಣು ಬಿಟ್ರ ಇನ್ನೇನು?"

ಹೀಗಾಗಿ ನಾನು ಹುಟ್ಟಿದ ಮೇಲೆ ಅವ್ವ ನನ್ನನ್ನು ನೋಡುವುದನ್ನೇ ಕಡಿಮೆ ಮಾಡಿದಳು. ಪ್ರೀತಿ ಕಡಿಮೆ ಮಾಡಿದಳು ಅಂತಲ್ಲ. ತಲೆ ಬಾಚುತ್ತಿದ್ದಳು, ಹಿಂದೆ ಕೂತು. ಉಣ್ಣಿಸುತ್ತಿದ್ದಳು, ತಟ್ಟೆ ನೋಡುತ್ತ. ಹಬ್ಬಕ್ಕೆ ಹೊಸ ಲಂಗ ಉಟ್ಟು ಮುಂದೆ ನಿಂತರೆ ಮುಖ ತಿರುಗಿಸಿ, "ಹೋಗು, ನಿಮ್ಮಪ್ಪಗ ತೋರಸು," ಅನ್ನುತ್ತಿದ್ದಳು. ಅಪ್ಪ ಸೆಂಟ್ರಿಂಗ್ ಕೆಲಸದವನು, ಸಂಜೆ ಸಿಮೆಂಟಿನ ಧೂಳು ತುಂಬಿದ ಕಣ್ಣಲ್ಲಿ ನನ್ನನ್ನು ನೋಡಿ, "ಛಲೋ ಅದ," ಅನ್ನುವನು. ಲಂಗ ಛಲೋ ಇದೆಯೋ ನಾನು ಛಲೋ ಇದ್ದೇನೋ, ಆತನನ್ನು ಯಾರು ಕೇಳಬೇಕು. ನನಗೆ ಬೇಕಾಗಿದ್ದದ್ದು ಅವ್ವನ ಕಣ್ಣು.

ನಾವು ಬೆಂಗಳೂರಿಗೆ ಬಂದದ್ದು ನನಗೆ ತಿಳಿವಳಿಕೆ ಮೂಡುವ ಮೊದಲು. ಕೆ.ಆರ್.ಪುರದ ಆಚೆ ಅಪಾರ್ಟ್‌ಮೆಂಟು ಏಳುತ್ತಿದ್ದ ಕಡೆ ತಗಡಿನ ಶೆಡ್ಡುಗಳಲ್ಲಿ ನಮ್ಮ ವಾಸ. ಸುತ್ತಮುತ್ತ ಯಾದಗಿರಿ, ರಾಯಚೂರು, ಕಲಬುರಗಿಯವರೇ. ಅವ್ವ ಆಗ ಇಟ್ಟಿಗೆ ಹೊರುತ್ತಿದ್ದಳು. ಒಂದು ಭಾನುವಾರ ಬಿಳಿ ಕೋಟಿನ ನರ್ಸಮ್ಮ ಒಬ್ಬಳು ನೀಲಿ ಡಬ್ಬಿ ತಗುಲಿಹಾಕಿಕೊಂಡು ಶೆಡ್ಡಿಗೆ ಬಂದಳು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬಾಯಿಗೆ ಪೋಲಿಯೋದ ಎರಡು ಹನಿ ಹಾಕಿದಳು. ಆಮೇಲೆ ಪ್ರತಿಯೊಬ್ಬರ ಎಡಗೈ ಹಿಡಿದು, ಕಿರುಬೆರಳಿನ ಉಗುರಿನ ಮೇಲೆ ಕಪ್ಪು ಮಾರ್ಕರಿನಿಂದ ಗುರುತು ಮಾಡಿದಳು. ಹನಿ ಹಾಕಿದ ಮಗುವಿಗೆ ಮತ್ತೆ ಹಾಕಬಾರದೆಂದು ಆ ಗುರುತು. ಅದು ಬೇರೆಯವರಿಗೆ. ನಮ್ಮವ್ವ ಕಣ್ಣರಳಿಸಿ ಅಪ್ಪನಿಗೆ ಹೇಳಿದಳಂತೆ.

"ನೋಡಲ್ಲಿ, ಸರ್ಕಾರದೋರು ಸೈತ ನೆದರು ಬೊಟ್ಟು ಇಡ್ಲಕತ್ತಾರ!"

ಆ ಸಂಜೆ ನನ್ನ ಕೈ ತೊಳೆಸಿ ಉಜ್ಜಿ ನೋಡಿದಳಂತೆ. ಬೊಟ್ಟು ಅಲುಗಲಿಲ್ಲ. ಸೋಪಿಗೂ ಜಗ್ಗಲಿಲ್ಲ. "ಕಾಡಿಗಿ ಬೆವರಿಗೆ ಅಳಿಸಿ ಹೋಗ್ತದ. ಇದು ಅಳಸಂಗಿಲ್ಲ," ಅಂದವಳೇ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದಳು. ನನಗೆ ನೆನಪಿರುವುದು ಆ ಮೊದಲ ಸಲವಲ್ಲ, ಆಮೇಲಿನ ಭಾನುವಾರಗಳು. ನರ್ಸಮ್ಮ ಬಂದು ಹೋದ ಮೇಲೆ ಅವ್ವ ಕೆಲಸ ಬಿಟ್ಟು ಕೂತು ನನ್ನ ಹಣೆ, ಹುಬ್ಬು, ಮೂಗು, ಕೆನ್ನೆಯ ಮೇಲಿನ ಪರಚು ಗಾಯ, ಎಲ್ಲವನ್ನೂ ನಿಧಾನವಾಗಿ ನೋಡುತ್ತಿದ್ದಳು. ಮೈಮೇಲೆ ಬಿಸಿಲು ಬಿದ್ದ ಹಾಗಿರುತ್ತಿತ್ತು. ಆ ಕಪ್ಪು ಉಗುರಿನ ಜತೆ ಬೆಳೆದು ಮೇಲೆ ಹೋಗುವವರೆಗೆ ನಾನು ಅವಳ ಕಣ್ಣ ಮುಂದೆಯೇ ಸುಳಿದಾಡುತ್ತಿದ್ದೆ.

ಐದು ವರ್ಷ ದಾಟಿದ ಮೇಲೂ ಅವ್ವ ನನ್ನನ್ನು ಸಾಲಿಗೆ ನಿಲ್ಲಿಸುತ್ತಿದ್ದಳು. ನರ್ಸಮ್ಮ ನನ್ನ ಸ್ಕೂಲ್ ಬ್ಯಾಗು ನೋಡಿ ನಕ್ಕಳು.

"ಏನಮ್ಮಾ, ಇವಳಿಗೆ ಐದು ದಾಟಿಲ್ವಾ? ಸ್ಕೂಲಿಗೆ ಬೇರೆ ಹೋಗ್ತಾಳೆ."

"ಇಲ್ರೀ ಅಕ್ಕೋರೆ, ಮೈ ಬೆಳದದ ಅಷ್ಟೇ," ಅಂದಳು ಅವ್ವ. ನನ್ನ ಮುಂದಿನ ಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿತ್ತು, ಬಾಯಿ ಮುಚ್ಚಿಕೊಂಡು ನಿಲ್ಲೆಂದು ನನಗೆ ಮೊದಲೇ ತಾಕೀತಾಗಿತ್ತು. ನರ್ಸಮ್ಮ ಹನಿ ಹಾಕಲಿಲ್ಲ, ಆದರೆ ಅವ್ವ ಬಿಡುವ ಆಸಾಮಿಯಲ್ಲ ಎಂದು ಕಂಡು ಬೊಟ್ಟು ಮಾತ್ರ ಇಟ್ಟಳು. "ಎರಡೂ ಕೈಗೆ ಹಚ್ರಿ," ಅಂದಳು ಅವ್ವ. ಆಕೆ ಅದನ್ನೂ ಹಚ್ಚಿದಳು. ನಗುತ್ತಲೇ ಹಚ್ಚಿದ ಆ ಹೆಂಗಸಿನ ಮುಖ ನನಗೆ ಮರೆತಿದೆ, ಕೈ ಮರೆತಿಲ್ಲ. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಯಾರು ಕೇಳಿದರೂ ನರ್ಸ್ ಅನ್ನುತ್ತಿದ್ದೆ. ನನ್ನ ಲೆಕ್ಕದಲ್ಲಿ ನರ್ಸ್ ಅಂದರೆ ಅವ್ವಂದಿರು ಮಕ್ಕಳನ್ನು ನೋಡುವ ಹಾಗೆ ಮಾಡುವವಳು. ಸೂಜಿ, ಗುಳಿಗೆ, ಬೆಡ್‌ಪ್ಯಾನು ಯಾವುದೂ ಆ ಕನಸಿನಲ್ಲಿ ಇರಲಿಲ್ಲ.

ಆಮೇಲೆ ಕನಸಿಗೆ ಬುದ್ಧಿ ಬಂತು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಾವು ಶೆಡ್ಡು ಬಿಟ್ಟು ಕೆ.ಆರ್.ಪುರದಲ್ಲೇ ಒಂದು ಬಾಡಿಗೆ ರೂಮು ಹಿಡಿದೆವು. ಅವ್ವನ ಸೊಂಟ ಇಟ್ಟಿಗೆಗೆ ಒಗ್ಗದಾಗಿ ಆಸ್ಪತ್ರೆಯ ಹೌಸ್‌ಕೀಪಿಂಗ್ ಕಂಟ್ರಾಕ್ಟಿಗೆ ಸೇರಿದಳು. ದಿನಾ ಬೆಳಗ್ಗೆ ಟಿನ್ ಫ್ಯಾಕ್ಟರಿ, ಇಂದಿರಾನಗರ, ಹಲಸೂರು ದಾಟಿ ಶಿವಾಜಿನಗರಕ್ಕೆ ಬಸ್ಸು. ರಜೆ ಇದ್ದಾಗ ನಾನೂ ಅವಳ ಜತೆ ಹೋಗಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಬಿಳಿ ಶೂಗಳು ಟಪಟಪ ಎಂದು ಓಡಾಡುವುದನ್ನು ನೋಡಿ ನೋಡಿ ಆಸೆ ಮೈಗೆ ಹತ್ತಿತು. ಅವ್ವ ಎಲ್ಲ ವಾರ್ಡಿಗೂ ಹೋಗುತ್ತಿದ್ದಳು, ಮಕ್ಕಳ ವಾರ್ಡು ಬಿಟ್ಟು. ಅಲ್ಲಿ ಡ್ಯೂಟಿ ಬಿದ್ದರೆ ಯಾರನ್ನಾದರೂ ಕಾಡಿ ಬೇಡಿ ಬದಲಾಯಿಸಿಕೊಳ್ಳುತ್ತಿದ್ದಳು. "ಕೂಸುಗಳು ಅಳೋದು ಕೇಳಕ್ಕಾಗಂಗಿಲ್ಲ," ಅನ್ನುತ್ತಿದ್ದಳು.

ಕನ್ನಡ ಮೀಡಿಯಮ್ಮಿನ ಹುಡುಗಿ, ಪಿಯುಸಿಯಲ್ಲಿ ಆರ್ಟ್ಸ್. ನರ್ಸಿಂಗ್ ಡಿಪ್ಲೊಮಾಕ್ಕೆ ಅದೂ ನಡೆಯುತ್ತದೆ ಎಂದು ತಿಳಿದ ದಿನ ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ, ಕಂಡಕ್ಟರು ಅನುಮಾನದಿಂದ ನೋಡಿದ. ಸೀಟು ಸಿಕ್ಕಿತು. ಬೆನ್ಸನ್ ಟೌನಿನ ಹಳೇ ಬಂಗಲೆಯೊಂದರಲ್ಲಿ ಹಾಸ್ಟೆಲು. ಸೇರಿದ ವಾರವೇ ನಿಯಮಗಳನ್ನು ಓದಿ ಹೇಳಿದರು: ಉಗುರು ಕತ್ತರಿಸಬೇಕು, ಬಳೆ ಇಲ್ಲ, ಕಾಡಿಗೆ ಇಲ್ಲ, ಮುಖದ ಮೇಲೆ ಏನೂ ಇಲ್ಲ. ಭಾನುವಾರ ಮನೆಗೆ ಹೋಗಿ ಹೇಳಿದಾಗ ಅವ್ವನ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು.

"ಬಳಿ ಇಲ್ಲ, ಬೊಟ್ಟಿಲ್ಲ. ಬಿಳೀ ಬಟ್ಟಿ ಬ್ಯಾರೆ. ಎಲ್ಲಾರ ಕಣ್ಣೂ ಬೀಳ್ತಾವ. ನಾ ಹ್ಯಾಂಗ ನೋಡ್ಲಿ ಯವ್ವಾ?"

ಹ್ಯಾಂಗೂ ನೋಡಲಿಲ್ಲ. ಅವ್ವ ವಾರ್ಡಿನಲ್ಲಿ ನನ್ನನ್ನು ಸಿಸ್ಟರ್ ಅಂದದ್ದು ಕೂಡ ಅದಕ್ಕೇ. ಮಗಳು ಎಂದು ಕರೆದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅವರ ಕಣ್ಣಿಗೆ ತನ್ನ ಕಣ್ಣೂ ಸೇರುತ್ತದೆ ಎಂದು ಅವಳ ಲೆಕ್ಕ.

ದೀಪ ಬೆಳಗಿ ಪ್ರತಿಜ್ಞೆ ಮಾಡುವ ಕಾರ್ಯಕ್ರಮಕ್ಕೆ ಹೆತ್ತವರನ್ನು ಕರೆಯುತ್ತಾರೆ. ಅವ್ವ ಬಂದಳು, ಇದ್ದುದರಲ್ಲಿ ಚೆಂದದ ಇಳಕಲ್ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಳು. ನಾನು ದೀಪ ಹಿಡಿದು ವೇದಿಕೆ ಹತ್ತಿದೆ. ಎಲ್ಲ ಅವ್ವಂದಿರೂ ಕತ್ತು ಉದ್ದ ಮಾಡಿ ತಮ್ಮ ತಮ್ಮ ಮಕ್ಕಳನ್ನು ಹುಡುಕುತ್ತಿದ್ದರು. ನಮ್ಮವ್ವ ಸೆರಗು ಹೊದ್ದು ತನ್ನ ಪಾದ ನೋಡುತ್ತಿದ್ದಳು. ಕಾರ್ಯಕ್ರಮ ಮುಗಿದ ಮೇಲೆ ನನ್ನ ರೂಮಿನ ಗೆಳತಿಯ ಅಮ್ಮಿ ಓಡಿಬಂದು ತನ್ನ ಮಗಳ ಮುಖಕ್ಕೆ ಎರಡೂ ಕೈ ಚಾಚಿ ನಿವಾಳಿಸಿ, ತನ್ನ ಕಣತಲೆಗೆ ಒತ್ತಿ ಲಟಲಟ ನೆಟಿಗೆ ಮುರಿದರು. ಆಮೇಲೆ ಪಕ್ಕದಲ್ಲೇ ನಿಂತಿದ್ದ ನನಗೂ ಹಾಗೇ ಮಾಡಿದರು. "ಕಿಸೀಕಿ ನಜರ್ ನಕ್ಕೊ ಲಗ್ನಾ," ಅಂದರು, ಯಾರ ದೃಷ್ಟಿಯೂ ತಾಗದಿರಲಿ ಎಂದು. ಅವರ ನಜರೂ ನಮ್ಮ ನೆದರೂ ಒಂದೇ ಮಾತೆಂದು ನನಗೆ ಆಗ ಹೊಳೆಯಿತು. ಬೇರೆ ಯಾರದೋ ತಾಯಿಯ ಕೈಯಡಿ ನಿಂತು ನಾನು ಎರಡನೇ ಸಾಲಿನ ಕಡೆ ನೋಡಿದೆ. ಅವರ ಮೇಲೆ ಪ್ರೀತಿಯೂ ಗೆಳತಿಯ ಮೇಲೆ ಹೊಟ್ಟೆಕಿಚ್ಚೂ ಒಟ್ಟಿಗೇ ಬಂತು.

ಎರಡನೇ ವರ್ಷದಲ್ಲಿ ಮಕ್ಕಳ ಆರೈಕೆಯ ಪಾಠ. ಟ್ಯೂಟರ್ ಮ್ಯಾಡಮ್ ಬಟ್ಟೆಯ ಗೊಂಬೆಯೊಂದನ್ನು ಮೇಜಿನ ಮೇಲಿಟ್ಟು ಭೇದಿಯ ಬಗ್ಗೆ ಹೇಳುತ್ತಿದ್ದರು. ಮಧ್ಯಾಹ್ನದ ಊಟದ ನಂತರದ ಕ್ಲಾಸು, ಅರ್ಧ ಜನ ತೂಕಡಿಸುತ್ತಿದ್ದೆವು.

"ಮಗು ಅಳ್ತಿದೆ, ಆದ್ರೆ ಕಣ್ಣಲ್ಲಿ ನೀರಿಲ್ಲ. ಏನರ್ಥ?" ಎಂದು ಕೇಳಿದರು. ತಾವೇ ಹೇಳಿದರು. "ಮೈಯಲ್ಲಿ ನೀರು ಮುಗೀತಾ ಬಂದಿದೆ ಅಂತ. ನೆತ್ತಿ ಒಳಗೆ ಹೋಗಿದೆ ಅಂದ್ರೆ? ಅದೂ ಅದೇ. ನೀರು ಕಂಡ್ರೆ ಮಗು ಕೈ ಚಾಚತ್ತೆ. ಆದ್ರೆ ಮನೆಯವ್ರು ಏನ್ ಮಾಡ್ತಾರೆ, ಭೇದಿ ಜಾಸ್ತಿಯಾಗತ್ತೆ ಅಂತ ನೀರೇ ನಿಲ್ಲಿಸ್ಬಿಡ್ತಾರೆ. ಎಷ್ಟೋ ಮಕ್ಕಳು ಭೇದಿಯಿಂದ ಸಾಯಲ್ಲಮ್ಮಾ, ಬಾಯಾರಿಕೆಯಿಂದ ಸಾಯ್ತಾರೆ."

ನನ್ನ ನಿದ್ದೆ ಹಾರಿತು. ಮ್ಯಾಡಮ್ ನಮ್ಮವ್ವನ ಕತೆಯನ್ನೇ ಹೇಳುತ್ತಿದ್ದರು, ಒಂದೊಂದು ವಾಕ್ಯವನ್ನೂ ಬಿಡದೆ, ಆದರೆ ಬೇರೆ ಕೊನೆಯಿಟ್ಟು. ಅವ್ವ ತಾನು ಎಷ್ಟು ಜೋಪಾನ ಮಾಡಿದೆ ಎಂದು ಸಾಕ್ಷಿಗೆ ಹೇಳುತ್ತಿದ್ದ ಆರೈಕೆಯೇ ಅಕ್ಕನನ್ನು ಕೊಂದಿತ್ತು. ಕೈ ಚಾಚಿದ ಕೂಸಿನಿಂದ ತಂಬಿಗೆ ದೂರ ಸರಿಸಿದ ಅವ್ವ ನನ್ನ ಕಣ್ಣ ಮುಂದೆ ಬಂದು ನಿಂತಳು. ಹೊರಗೆ ಹೋಗಿ ನಲ್ಲಿಯ ಕೆಳಗೆ ಮುಖವೊಡ್ಡಿದೆ. ಗೆಳತಿ ಹಿಂದೆಯೇ ಬಂದಳು, ಅವಳಿಗೆ ಎಲ್ಲವನ್ನೂ ಹೇಳಿದೆ.

"ಹಂಗಾದ್ರೆ ನಿಮ್ಮಮ್ಮಂಗೆ ಹೇಳ್ಬಿಡು ಕಣೆ," ಅಂದಳು ಮೊದಲು. "ನಿನ್ ಕಣ್ಣಿಂದ ಏನೂ ಆಗಿಲ್ಲ, ನೋಡು ನನ್ನ ಅಂತ." ಹೇಳುತ್ತ ಹೇಳುತ್ತ ಅವಳೇ ನಿಲ್ಲಿಸಿದಳು. "ಯಾ ಅಲ್ಲಾ. ಬೇಡ. ಹೇಳ್ಬೇಡ."

ಹೇಳಲಿಲ್ಲ. ಹೇಳಿದರೆ ಅವ್ವ ನನ್ನನ್ನು ನೋಡಬಹುದು. ಹೇಳಿದರೆ ಅವಳು ಮತ್ತೆ ಯಾವತ್ತೂ ಒಂದು ಲೋಟ ನೀರನ್ನು ನೆಮ್ಮದಿಯಾಗಿ ಕುಡಿಯಲಾರಳು. ಕಣ್ಣಿನ ತಪ್ಪಾದರೆ ಅದು ದೇವರು ಕೊಟ್ಟ ಕಣ್ಣು, ಬೇಕೆಂದು ಮಾಡಿದ್ದಲ್ಲ. ಕೈಯ ತಪ್ಪು ಹಾಗಲ್ಲ. ನಾನು ಮಕ್ಕಳ ವಾರ್ಡಿನ ಪೋಸ್ಟಿಂಗಿನಲ್ಲಿ ಸಿಕ್ಕ ಸಿಕ್ಕ ತಾಯಂದಿರಿಗೆಲ್ಲ ಗಂಟಲು ಹರಿಯುವ ಹಾಗೆ ಹೇಳಿದೆ, ಕನ್ನಡದಲ್ಲಿ, ಹರಕು ಮುರುಕು ತಮಿಳಿನಲ್ಲಿ, ಗೆಳತಿ ಕಲಿಸಿದ ದಖನಿಯಲ್ಲಿ: ನೀರು ಕೊಡಿ, ಉಪ್ಪು ಸಕ್ಕರೆ ಹಾಕಿ ಕೊಡಿ, ಭೇದಿಯಾದಷ್ಟೂ ಕೊಡಿ. ಊರಿಗೆಲ್ಲ ಹೇಳಬಹುದಾದ ಮಾತು ಒಬ್ಬಳಿಗೆ ಮಾತ್ರ ಹೇಳುವಂತಿರಲಿಲ್ಲ.

ಆದರೆ ಆಸೆ ಹಾಳಾದದ್ದು. ಕಾರಣ ತಿಳಿದ ಮೇಲೂ ಹೋಗಲಿಲ್ಲ. ಅವ್ವನ ಕಣ್ಣಿಗೆ ಬೀಳಬೇಕು, ಈ ಬಟ್ಟೆಯಲ್ಲಿ, ಒಂದು ಸಲ. ಕೊನೆಯ ವರ್ಷದ ಪೋಲಿಯೋ ಭಾನುವಾರಕ್ಕೆ ನಮ್ಮನ್ನೆಲ್ಲ ಬೂತುಗಳಿಗೆ ಹಂಚುವಾಗ ನನಗೊಂದು ಉಪಾಯ ಹೊಳೆಯಿತು. ಗೋಗರೆದು ಕೆ.ಆರ್.ಪುರದ ಬೂತು ಹಾಕಿಸಿಕೊಂಡೆ.

ಅಂಗನವಾಡಿಯ ಮುಂದೆ ಹೊಂಗೆ ಮರದ ಕೆಳಗೆ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಅದೇ ನೀಲಿ ಡಬ್ಬಿ. ಆಶಾ ಕಾರ್ಯಕರ್ತೆ ಹನಿ ಹಾಕುತ್ತಿದ್ದಳು, ನಾನು ಬೊಟ್ಟಿಡುತ್ತಿದ್ದೆ. ಮಾರ್ಕರು ಕೈಗೆ ಬಂದಾಗ ಮೊದಲು ಅದರ ವಾಸನೆ ನೋಡಿದೆ ಅಂದರೆ ಯಾರೂ ನಗಬಾರದು. ಬರುವ ಮಕ್ಕಳಲ್ಲಿ ಕೆಲವರು ಕಿರುಬೆರಳು ಕೊಡದೆ ಹಟ ಮಾಡುವವರು, ಕೆಲವರು ಹೆಬ್ಬೆರಳು ಚಾಚುವವರು. ಅವ್ವನಿಗೆ ಅವತ್ತು ವಾರದ ರಜೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಡಬ್ಬಿಯನ್ನು ಮೇಜಿನ ಮೂಲೆಗಿಟ್ಟಳು. ನನ್ನ ಮುಖ ನೋಡಲಿಲ್ಲ. ಆಮೇಲೆ ಮರದ ಬುಡದಲ್ಲಿ ಕೂತು, ಅಳುವ ಮಕ್ಕಳ ಕೈಬೆರಳು ಬಿಡಿಸಿ ನನ್ನ ಮುಂದೆ ಹಿಡಿಯುವ ಕೆಲಸ ತಾನಾಗಿಯೇ ವಹಿಸಿಕೊಂಡಳು.

"ಅವ್ವಾ, ಜನ ಕಡಿಮಿ ಆಗ್ಲಿ. ನಿನಗ ಒಂದು ತೋರಸ್ತೀನಿ," ಅಂದೆ.

ತೋರಿಸಬೇಕೆಂದಿದ್ದದ್ದು ಇಷ್ಟೇ. ಸಾಲು ಕರಗಿದ ಮೇಲೆ ನನ್ನ ಕಿರುಬೆರಳಿಗೆ ನಾನೇ ಬೊಟ್ಟಿಟ್ಟುಕೊಂಡು, ಎರಡೂ ಕೈಗೆ ಇಟ್ಟುಕೊಂಡು, ಈಗ ನೋಡಬೇ, ಇದು ಸೋಪಿಗೂ ಅಳಸಂಗಿಲ್ಲ, ಅನ್ನಬೇಕೆಂದಿದ್ದೆ. ರಾತ್ರಿಯೆಲ್ಲ ಈ ಮಾತನ್ನು ಮನಸ್ಸಿನಲ್ಲಿ ಆಡಿ ನೋಡಿಕೊಂಡಿದ್ದೆ.

ಮಧ್ಯಾಹ್ನವಾಗುತ್ತ ಬಂದಿತ್ತು. ನನಗಿಂತ ಚಿಕ್ಕವಳಿರಬೇಕು, ಶೆಡ್ಡಿನ ಕಡೆಯಿಂದ ಒಬ್ಬ ಹುಡುಗಿ ಹೆಗಲ ಮೇಲೆ ಕೂಸನ್ನು ಹಾಕಿಕೊಂಡು ಬಂದಳು. ಮಾತು ನಮ್ಮ ಕಡೆಯದೇ.

"ಅಕ್ಕೋರೆ, ನಿನ್ನಿಯಿಂದ ಕೂಸಿಗಿ ಭೇದಿ ಆಗ್ಲಕತ್ತದ. ಹನಿ ಹಾಕಸಬೌದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮರದ ಬುಡದಿಂದ ಅವ್ವ ಕೇಳಿದಳು. "ಯವ್ವಾ, ನೀರು ಗೀರು ಕುಡಸೀಯೇನು? ಕುಡಸಬ್ಯಾಡ ಮತ್ತ. ಭೇದಿ ಹೆಚ್ಚಾಗ್ತದ."

"ಇಲ್ಲಬೇ, ಒಂದು ಹನಿ ಕೊಟ್ಟಿಲ್ಲ," ಅಂದಳು ಹುಡುಗಿ. ಅವ್ವ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ, ತನ್ನ ಆರೈಕೆಯ ಬಗ್ಗೆ ಅದೇ ಹೆಮ್ಮೆಯಿಂದ.

ಕೂಸಿನ ನೆತ್ತಿ ಮುಟ್ಟಿ ನೋಡಿದೆ. ಬೆರಳಿಗೆ ತಗ್ಗು ಸಿಕ್ಕಿತು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟೆ, ನಿಧಾನವಾಗಿ ಹಿಂದಕ್ಕೆ ಹೋಯಿತು. ಕೂಸು ಸಣ್ಣಗೆ ಅಳುತ್ತಿತ್ತು, ಕಣ್ಣು ಒಣಗಿತ್ತು. ನಾನು ಅವ್ವನ ಕಡೆ ನೋಡಿದೆ. ಅವಳು ಯಾವಾಗಿನಂತೆ ನನ್ನನ್ನು ಬಿಟ್ಟು ಕೂಸನ್ನೇ ನೋಡುತ್ತಿದ್ದಳು. ಹುಡುಗಿಯನ್ನು ದೂರ ಕರೆದುಕೊಂಡು ಹೋಗಿ ಹೇಳಲೇ ಎಂದು ಯೋಚಿಸಿದೆ. ಆದರೆ ಅವ್ವ ಈಗಷ್ಟೇ ಬೇಡವೆಂದಿದ್ದಾಳೆ. ಹಿರಿಯಳ ಮಾತು ಗೆಲ್ಲುತ್ತದೋ ನನ್ನ ಮಾತು ಗೆಲ್ಲುತ್ತದೋ, ಶೆಡ್ಡಿನಲ್ಲಿ ಬೆಳೆದವಳಿಗೆ ಅದು ಗೊತ್ತಿರದೇ? ಅವ್ವನೆದುರಿಗೇ ಹೇಳಬೇಕಿತ್ತು.

"ನೀರು ಕೊಡಬೇಕು," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಈಗಿಂದೀಗ ಕೊಡಬೇಕು. ಕೊಡದಿದ್ರ ಕೂಸು ಉಳಿಯಂಗಿಲ್ಲ. ಕಣ್ಣಾಗ ನೀರು ಬರ್ಲಕತ್ತಿಲ್ಲ, ನೆತ್ತಿ ಒಳಗ ಹೋಗ್ಯದ, ಮೈಯಾಗ ನೀರು ಇಲ್ಲ ಅದಕ್ಕ."

ಆಶಾ ಕಾರ್ಯಕರ್ತೆ ತನ್ನ ಚೀಲದಿಂದ ಒಆರ್‌ಎಸ್ ಪ್ಯಾಕೆಟ್ಟು ತೆಗೆದಳು. ಅಂಗನವಾಡಿಯ ಲೋಟದಲ್ಲಿ ಕಲಸಿ ಚಮಚದಲ್ಲಿ ಕೊಡುತ್ತ ಹೋದೆ. ಮೊದಲ ಚಮಚ ಹೊರಗೆ ಬಂತು. ಎರಡನೆಯದಕ್ಕೆ ಕೂಸು ಎರಡೂ ಕೈಯಿಂದ ಚಮಚವನ್ನು ಹಿಡಿದು ಎಳೆಯಿತು. ಅವ್ವ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದಳು. ಲೋಟ ಅವಳ ಕೈಗೆ ಯಾವಾಗ ಹೋಯಿತೋ ನನಗೆ ತಿಳಿಯಲಿಲ್ಲ, ಅವಳು ಹಿಡಿದಿದ್ದಳು, ನಾನು ಕುಡಿಸುತ್ತಿದ್ದೆ. ಕೊನೆಗೆ ಲೋಟ ಖಾಲಿಯಾಗಿ ಕೂಸಿಗೆ ಇನ್ನೂ ಬೇಕೆನಿಸಿ ಜೋರಾಗಿ ಅತ್ತಿತು. ಕಣ್ಣಿನ ತುದಿಯಲ್ಲಿ ಒಂದು ಹನಿ ನಿಂತಿತ್ತು. ಆಶಾ ಕಾರ್ಯಕರ್ತೆ ಒಂದು ಆಟೊ ನಿಲ್ಲಿಸಿ ತಾಯಿ ಮಗುವನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು.

ಮರದ ಕೆಳಗೆ ನಾವಿಬ್ಬರೇ ಉಳಿದೆವು. ಅವ್ವ ಖಾಲಿ ಲೋಟವನ್ನು ಕೆಳಗಿಡಲಿಲ್ಲ.

"ಕಣ್ಣಾಗ ನೀರು ಬರದಿದ್ರ," ಅಂದಳು, "ಅದು ಗಟ್ಟಿತನ ಅಲ್ಲೇನು?"

ಮೂರು ವರ್ಷ ಕಲಿತದ್ದೆಲ್ಲ ನನ್ನ ಬಾಯಲ್ಲಿತ್ತು. ರೋಗಿಗೆ ಸುಳ್ಳು ಹೇಳಬಾರದು ಎಂದು ದೀಪ ಹಿಡಿದು ಪ್ರತಿಜ್ಞೆ ಮಾಡಿದವಳು ನಾನು.

"ಅಕ್ಕಂದು ಬ್ಯಾರೆ ಅವ್ವಾ," ಅಂದೆ. "ಅದು ಈ ಥರ ಅಲ್ಲ. ಅದು ನೆದರೇ."

ಬಿಳಿ ಟೋಪಿ, ಬಿಳಿ ಬಟ್ಟೆ, ಬಿಳಿ ಶೂ ಹಾಕಿಕೊಂಡು ಹೇಳಿದೆ. ನಾನು ಅವಸರದಿಂದ ಮಾರ್ಕರಿನ ಮುಚ್ಚಳ ತೆಗೆದು ಕಿರುಬೆರಳು ಮುಂದೆ ಮಾಡಿದೆ. "ನೋಡಿಲ್ಲಿ, ಬೊಟ್ಟಿಡ್ಲಕತ್ತೀನಿ. ಸರ್ಕಾರದ್ದು. ಈಗ ನೀ ನನ್ನ ನೋಡಬೌದು."

ಅವ್ವ ನನ್ನ ಕೈ ಹಿಡಿದಳು. "ಬ್ಯಾಡ ಬಿಡು," ಅಂದಳು.

ಆಮೇಲೆ ಮುಖ ಎತ್ತಿ ನನ್ನನ್ನು ನೋಡಿದಳು. ಟೋಪಿಯಿಂದ ಶೂವಿನವರೆಗೆ, ನಿಧಾನವಾಗಿ, ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಿದ್ದಳಲ್ಲ, ಹಾಗೆ. ನನ್ನ ಬೆರಳು ಬರಿದಾಗಿತ್ತು, ಮೈಮೇಲೆ ಎಲ್ಲೂ ಒಂದು ಚುಕ್ಕೆ ಕಪ್ಪಿರಲಿಲ್ಲ. ನೆದರಿಗೆ ಹೆದರುವವಳು ಹಾಗೆ ನೋಡುತ್ತಿರಲಿಲ್ಲ. ಅಕ್ಕನದು ನೆದರೇ ಎಂದ ನನ್ನ ಮಾತನ್ನು ಅವಳು ನಂಬಿರಲಿಲ್ಲ.

"ಎಷ್ಟು ಚಂದ ಕಾಣ್ತಿ ನನ್ನವ್ವಾ," ಅಂದಳು.

ಈ ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಅದನ್ನು ಅವಳಿಗೆ ವಾಪಸ್ ಕೊಟ್ಟು, ಅವಳ ಹಳೇ ಹೆದರಿಕೆಯನ್ನು ಹಾಗೇ ಅವಳ ಕೈಗಿಟ್ಟು ಅವಳ ಬಾಯಲ್ಲಿ ಬರೀ ಸಿಸ್ಟರ್ ಅನಿಸಿಕೊಂಡೇ ಇರಲು ಸಾಧ್ಯವಿದ್ದರೆ ಆ ಹೊತ್ತು ಕೊಟ್ಟುಬಿಡುತ್ತಿದ್ದೆ. ಗೇಟಿನ ಹತ್ತಿರ ಯಾರೋ ಅಳುವ ಮಗುವನ್ನು ಎಳೆದುಕೊಂಡು ಬರುತ್ತಿದ್ದರು. ಅವ್ವ ಲೋಟವನ್ನು ಮೇಜಿನ ಮೇಲಿಟ್ಟು ಮಗುವಿನ ಮುಷ್ಟಿ ಬಿಡಿಸಿ, ಕಿರುಬೆರಳನ್ನು ನನ್ನ ಮುಂದೆ ಹಿಡಿದಳು. ನಾನು ಹನಿ ಹಾಕಿ ಬೊಟ್ಟಿಟ್ಟೆ. ಅವಳು ನೋಡುತ್ತಿದ್ದದ್ದು ನನ್ನನ್ನೇ.